ಬಲೀಂದ್ರ ಬರುವ ಇರುಳು: ಶಿಕಾರಿಪುರ, ಸೊರಬ ಸೀಮೆಯ ದೀಪಾವಳಿಯಲ್ಲಿ ಭಕ್ತಿ, ಭಯ, ಆಟ

2024ರಲ್ಲಿ ಪಂಚಾಂಗವೂ ಇಂಗ್ಲಿಷ್ ಕ್ಯಾಲೆಂಡರೂ ಅಪರೂಪಕ್ಕೆ ಕೈಕುಲುಕಿದವು. ಅಕ್ಟೋಬರ್ 31ರಂದು ನರಕ ಚತುರ್ದಶಿ ಬಂದಿತು. ಅದೇ ರಾತ್ರಿ ಪಾಶ್ಚಾತ್ಯರ ಹ್ಯಾಲೊವೀನ್. ನವೆಂಬರ್ 2ರಂದು ಬಲಿಪಾಡ್ಯಮಿ. ಅದೇ ದಿನ ಕ್ರೈಸ್ತರು ಅಗಲಿದವರನ್ನೆಲ್ಲ ಸ್ಮರಿಸುವ ದಿನ. ಹ್ಯಾಲೊವೀನ್ ಎಂದರೆ ನಗರವಾಸಿಗಳಿಗೆ ನೆನಪಾಗುವುದು ಕೊರೆದ ಕುಂಬಳಕಾಯಿ, ದೆವ್ವದ ಮುಖವಾಡ, ಮನೆಮನೆಗೆ ಹೋಗಿ ಮಿಠಾಯಿ ಬೇಡುವ ಮಕ್ಕಳು. ಆದರೆ ಅಗಲಿದವರು ಮರಳಿ ಬರುವ, ಬಾಗಿಲಿಗೆ ದೀಪ ಬರುವ, ಕತ್ತಲಲ್ಲಿ ತುಂಟಾಟಕ್ಕೆ ಅನುಮತಿ ಇರುವ ಶರತ್ಕಾಲದ ಇರುಳು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಹೊಸತಲ್ಲ. ಅಲ್ಲಿ ಅದರ ಹೆಸರು ದೀಪಾವಳಿ. ಹಳ್ಳಿಗರ ಬಾಯಲ್ಲಿ ‘ದೊಡ್ಡ ಹಬ್ಬ’.

ಮಲೆನಾಡು ಮತ್ತು ಬಯಲುಸೀಮೆ ಸಂಧಿಸುವ ನೆಲವಿದು. ಸೊರಬದ ಪಶ್ಚಿಮ ಭಾಗದಲ್ಲಿ ಅಡಿಕೆ ತೋಟ, ಕಾಡು, ಕಾನು. ಶಿಕಾರಿಪುರದ ಪೂರ್ವ ಭಾಗದಲ್ಲಿ ಮೆಕ್ಕೆಜೋಳದ ಹೊಲ, ಲಂಬಾಣಿ ತಾಂಡಾಗಳು. ಹೀಗಾಗಿ ಒಂದೇ ಹಬ್ಬ ಇಲ್ಲಿ ಹಲವು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಪಿತೃಗಳ ದಾರಿಗೆ ಬೆಳಕು

ಹಬ್ಬದ ಧಾರ್ಮಿಕ ಮುಖದಲ್ಲಿ ಸಾವಿನ ನೆನಪು ದಟ್ಟವಾಗಿದೆ. ತ್ರಯೋದಶಿಯ ಸಂಜೆ ಯಮನ ಹೆಸರಿನಲ್ಲಿ ದೀಪವಿಡುವ ರೂಢಿಯಿದೆ. ಚತುರ್ದಶಿಯಂದು ಯಮನ ಹದಿನಾಲ್ಕು ಹೆಸರು ಹೇಳಿ ತರ್ಪಣ ಬಿಡಬೇಕೆಂದು ಧರ್ಮಶಾಸ್ತ್ರದ ಗ್ರಂಥಗಳು ವಿಧಿಸುತ್ತವೆ. ಮಹಾಲಯದಲ್ಲಿ ಭೂಮಿಗೆ ಬಂದ ಪಿತೃಗಳು ತಮ್ಮ ಲೋಕಕ್ಕೆ ಹಿಂದಿರುಗುವಾಗ ದಾರಿ ಕಾಣಲೆಂದು ಕೊಳ್ಳಿ ಹಿಡಿಯುವ ‘ಉಲ್ಕಾದಾನ’ವನ್ನೂ ಅವೇ ಗ್ರಂಥಗಳು ಹೇಳುತ್ತವೆ. ಹಣತೆಯ ಸಾಲಿಗೆ ಲಕ್ಷ್ಮಿಯ ಸ್ವಾಗತವೊಂದೇ ಅರ್ಥವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಲೆನಾಡಿನ ಕಡೆ ಹಬ್ಬ ಆರಂಭವಾಗುವುದು ‘ಬೂರೆ ನೀರು’ ತುಂಬುವುದರಿಂದ. ಹಂಡೆ ತಿಕ್ಕಿ ತೊಳೆದು, ಬಳ್ಳಿ ಸುತ್ತಿ, ಹೊಸ ನೀರು ತುಂಬಿ, ಮರುದಿನ ಬೆಳಗಾಗುವ ಮುನ್ನ ಮನೆಮಂದಿ ಎಣ್ಣೆಸ್ನಾನ ಮಾಡುತ್ತಾರೆ. ಬಳಿಕ ಬಲೀಂದ್ರನ ಪ್ರತಿಷ್ಠೆ. ಕಲಶ, ಭತ್ತದ ತೆನೆ, ಅಡಿಕೆ ಸಿಂಗಾರ, ಚೆಂಡು ಹೂವುಗಳಲ್ಲಿ ಪಾತಾಳದ ಅರಸ ಬಂದು ನೆಲೆಸುತ್ತಾನೆ. ವಾಮನನ ಪಾದದಡಿ ಪಾತಾಳ ಸೇರಿದ ದೊರೆ ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ಕಾಣಲು ಬರುತ್ತಾನೆ ಎಂಬುದು ನಂಬಿಕೆ. ಈ ನಂಬಿಕೆ ಎಷ್ಟು ಹಳೆಯದೆಂಬುದಕ್ಕೆ ಹೊರಗಿನ ಸಾಕ್ಷಿಯೂ ಇದೆ. 11ನೇ ಶತಮಾನದ ವಿದ್ವಾಂಸ ಅಲ್ ಬೆರೂನಿ, ಸೆರೆಯಲ್ಲಿರುವ ಬಲಿಗೆ ವರ್ಷಕ್ಕೊಂದು ದಿನ ಬಿಡುಗಡೆ ದೊರೆಯುವ ಕಥೆಯನ್ನು ತನ್ನ ಭಾರತ ವಿವರಣೆಯಲ್ಲಿ ದಾಖಲಿಸಿದ್ದಾನೆ.

ಪಾಡ್ಯದಂದು ಗೋಪೂಜೆಯ ಜೊತೆಗೆ ತೋಟದಂಚಿನ ಚೌಡಿ, ಭೂತಪ್ಪ ಮೊದಲಾದ ಕಾವಲು ದೈವಗಳಿಗೂ ಹಣ್ಣುಕಾಯಿ ಸಲ್ಲುತ್ತದೆ. ವರ್ಷವಿಡೀ ಭಯದಿಂದ ದೂರವಿರುವ ಬನದ ಮುಂದೆ ಅಂದು ಮಕ್ಕಳೂ ಕೈಮುಗಿದು ನಿಲ್ಲುತ್ತಾರೆ. ಹೆದರಿಸುವ ಶಕ್ತಿಯನ್ನೇ ಕಾಯುವ ಶಕ್ತಿಯಾಗಿ ಒಲಿಸಿಕೊಳ್ಳುವ ಕ್ರಮವಿದು.

ಬಾಗಿಲಿಗೆ ಬರುವ ದೀಪ

ಆಚರಣೆ ಎಲ್ಲಿ ಮುಗಿಯುತ್ತದೆ, ಆಟ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯಲಾಗದ ಕಲೆ ಅಂಟಿಗೆ-ಪಂಟಿಗೆ. ಆಡುಮಾತಿನಲ್ಲಿ ದೀಪ ಅಂಟಿಸುವುದೆಂದರೆ ಹೊತ್ತಿಸುವುದು. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಊರಿನ ದೇವಸ್ಥಾನದಲ್ಲಿ ಹೊತ್ತಿಸಿದ ದೀಪವನ್ನು ಹಿಡಿದು ಗಂಡಸರ ತಂಡವೊಂದು ರಾತ್ರಿಯಿಡೀ ಮನೆಮನೆಗೆ ಹೋಗುತ್ತದೆ. ಮುಂದಿನವರು ಹಾಡಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಮಲಗಿದ ಮನೆಯವರು ಎದ್ದು ಬಾಗಿಲು ತೆರೆದು ದೀಪಕ್ಕೆ ಎಣ್ಣೆ ಎರೆಯಬೇಕು. ಅಕ್ಕಿ, ಕಾಯಿ, ಕಾಣಿಕೆ ಕೊಡಬೇಕು. ಸುತ್ತಾಟ ಮುಗಿಯುವವರೆಗೆ ಜ್ಯೋತಿ ಆರಬಾರದೆಂಬುದು ಕಟ್ಟಳೆ. ಕಾಡುದಾರಿಯ ಕತ್ತಲಲ್ಲಿ ಗಾಳಿಗೆ ಕೈ ಅಡ್ಡ ಹಿಡಿದು ದೀಪ ಕಾಯುವುದೇ ದೊಡ್ಡ ಜವಾಬ್ದಾರಿ.

ಇದೇ ಕತ್ತಲಿಗೆ ಇನ್ನೊಂದು ಬಗೆಯ ಸಂಚಾರಿಗಳೂ ಇದ್ದಾರೆ. ‘ಬೂರೆಗಳವು’ ಎಂಬ ಹಬ್ಬದ ಕಳ್ಳತನ ಊರ ಹುಡುಗರ ಪಾಲಿಗೆ ಹಕ್ಕಿನಂತೆ. ಎಳನೀರು, ಸೌತೆಕಾಯಿ, ಬಾಳೆಗೊನೆ ಮಾಯವಾಗುತ್ತವೆ. ಏಣಿ, ಎತ್ತಿನಗಾಡಿ ಮುಂತಾದವು ಬೆಳಗಾಗುವಷ್ಟರಲ್ಲಿ ಊರ ನಡುವೆ ಪ್ರತ್ಯಕ್ಷವಾಗುತ್ತವೆ. ಕಳೆದುಕೊಂಡವರು ಬೈಯುವಂತಿಲ್ಲ; ಕದ್ದವರು ಮಾರುವಂತಿಲ್ಲ. ಆಟ ಉಳಿದಿರುವುದು ಈ ಅಲಿಖಿತ ಒಪ್ಪಂದದ ಮೇಲೆ. ಬೇಲಿ ಮುರಿದು, ಫಸಲು ಹಾಳು ಮಾಡಿದಾಗ ಹಬ್ಬದ ನಗು ಜಗಳಕ್ಕೆ ತಿರುಗುತ್ತದೆ.

ತಾಂಡಾದ ‘ಮೇರಾ’

ಲಂಬಾಣಿ ತಾಂಡಾಗಳಲ್ಲಿ ದೀಪಾವಳಿಯ ಹೆಸರು ‘ದವಾಳಿ’. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ನಾಯಕನ ಮನೆಯಿಂದ ಆರಂಭಿಸಿ ಪ್ರತಿ ಮನೆಗೂ ಹೋಗಿ ‘ಮೇರಾ’ ಹಾಡಿ ಹಾರೈಸುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ, ಕೈಗೆ ಕಾಣಿಕೆ ನೀಡುತ್ತಾರೆ. ಮರುದಿನ ಹಿರಿಯರ ಹೆಸರು ಕರೆದು ಕೆಂಡಕ್ಕೆ ಸಿಹಿ ಅಡುಗೆ, ತುಪ್ಪ ಅರ್ಪಿಸುವ ‘ಧಬುಕಾರ್’ ನಡೆಯುತ್ತದೆ. ಹುಡುಗಿಯರು ಗುಂಪಾಗಿ ಕಾಡಿಗೆ ಹೋಗಿ ಹೂ ತಂದು, ಹೊಸ್ತಿಲ ಬಳಿ ಸಗಣಿಯ ಉಂಡೆಗಳಲ್ಲಿ ಸಿಕ್ಕಿಸುತ್ತಾರೆ. ಆ ವರ್ಷ ಸಾವು ಕಂಡ ಮನೆಗಳಿಗೆ ಹೋಗಿ ದುಃಖ ಹಂಚಿಕೊಳ್ಳುವುದೂ ಹಬ್ಬದ ಭಾಗವೇ. ಮುಂದಿನ ವರ್ಷದೊಳಗೆ ಮದುವೆಯಾಗಿ ಹೋಗುವ ಹುಡುಗಿಗೆ ಅದು ತವರಿನ ಕಡೆಯ ಮೇರಾ. ನಗುವೂ ಅಳುವೂ ಒಂದೇ ದಿನ ಕೂಡಿ ಬರುವ ಈ ಆಚರಣೆಗೆ, ಕೂಲಿಗಾಗಿ ದೂರದ ಊರುಗಳಿಗೆ ಹೋದವರೂ ತಾಂಡಾಕ್ಕೆ ಮರಳುತ್ತಾರೆ.

ಬೆದರಿಸುವ ಆಟ

ಹಬ್ಬದ ಅತಿ ಗದ್ದಲದ ಆಟ ಆರಂಭವಾಗುವುದು ಪಾಡ್ಯದ ನಂತರ. ಶಿಕಾರಿಪುರ, ಸೊರಬ ಮತ್ತು ನೆರೆಯ ಹಾವೇರಿ ಜಿಲ್ಲೆಯಲ್ಲಿ ‘ಹೋರಿ ಬೆದರಿಸುವ ಸ್ಪರ್ಧೆ’ ಅಥವಾ ಹೋರಿ ಹಬ್ಬ ದೀಪಾವಳಿಗೆ ಮೊದಲಾಗಿ ಸಂಕ್ರಾಂತಿಯ ನಂತರವೂ ಊರಿನಿಂದ ಊರಿಗೆ ಸಾಗುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಮೈಮೇಲೆ ಜೂಲು, ಕೋಡಿಗೆ ಬಲೂನು, ಬಣ್ಣದ ಪಟ್ಟಿ. ಒಂದೊಂದು ಹೋರಿಗೂ ಒಂದೊಂದು ಹೆಸರು, ಅಭಿಮಾನಿಗಳ ಬಳಗ. ಕಿಕ್ಕಿರಿದ ಜನರ ನಡುವೆ ಹೋರಿಯನ್ನು ಬೆದರಿಸಿ ಓಡಿಸುತ್ತಾರೆ. ಕೊಬ್ಬರಿ ಹರಿದವನು ಶೂರ. ಯಾರ ಕೈಗೂ ಸಿಗದ ಹೋರಿ ಅದಕ್ಕಿಂತ ದೊಡ್ಡ ಶೂರ. ಗೋವುಗಳನ್ನು ರಕ್ಷಿಸಲು ಹೋರಾಡಿ ಮಡಿದವರ ವೀರಗಲ್ಲುಗಳು ಕಾಣಸಿಗುವ ಈ ನಾಡಿನಲ್ಲಿ ದನವೆಂದರೆ ಪ್ರತಿಷ್ಠೆ ಎಂಬುದು ಇಂದಿನ ಮಾತಲ್ಲ.

ಆದರೆ ಇಲ್ಲಿ ಭಯ ಆಟದ ಭಯವಾಗಿಯೇ ಉಳಿಯುವುದಿಲ್ಲ. ಶಿವಮೊಗ್ಗ, ಹಾವೇರಿ ಜಿಲ್ಲೆಗಳಲ್ಲಿ ಹೋರಿ ತಿವಿದು ಸಾವುಗಳು ಸಂಭವಿಸಿವೆ. ಮೃತರಲ್ಲಿ ಹೋರಿ ಹಿಡಿಯಲು ಹೋದವರಷ್ಟೇ ಅಲ್ಲ, ನೋಡಲು ನಿಂತವರೂ ಇದ್ದಾರೆ. ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಮೇ 7ರಂದು ನೀಡಿದ ತೀರ್ಪಿನ ಬಳಿಕ ಇಂಥ ಕ್ರೀಡೆಗಳೆಲ್ಲ ಸಂಕಟಕ್ಕೆ ಸಿಲುಕಿದ್ದವು. ಕಂಬಳ ಹಾಗೂ ಎತ್ತಿನ ಓಟಗಳಿಗೆ ಅವಕಾಶ ನೀಡಲು ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಗೆ ಅದನ್ನೂ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ತಿದ್ದುಪಡಿಗಳ ಜೊತೆಗಿರುವ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವ ಹೊಣೆಯನ್ನು ಜಿಲ್ಲಾಡಳಿತಗಳಿಗೆ ವಹಿಸಿತು. ಕಾನೂನು ಉಳಿಯಿತೆಂದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಓಟದ ದಾರಿಯ ಎರಡೂ ಬದಿ ಗಟ್ಟಿ ಬೇಲಿ, ಪ್ರೇಕ್ಷಕರಿಗೆ ಪ್ರತ್ಯೇಕ ಜಾಗ, ಪಶುವೈದ್ಯರು, ಆಂಬುಲೆನ್ಸ್ ಇಲ್ಲದ ಕಡೆ ಆಟದ ಬೆಲೆಯನ್ನು ತೆರುವುದು ಬಡ ರೈತರ ಮನೆಗಳೇ.

ಒಂದೇ ಕತ್ತಲು, ಎರಡು ಮುಖ

ಹ್ಯಾಲೊವೀನ್ ಕೂಡ ಮೂಲತಃ ಸಕಲ ಸಂತರ ಹಬ್ಬದ ಹಿಂದಿನ ಸಂಜೆ. ಸತ್ತವರಿಗಾಗಿ ಪ್ರಾರ್ಥಿಸುವುದಾಗಿ ಹೇಳಿ ಬಡವರು ಮನೆಮನೆಯಲ್ಲಿ ರೊಟ್ಟಿ ಪಡೆಯುತ್ತಿದ್ದ ರೂಢಿ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿತ್ತು. ಇಂದು ಅಲ್ಲಿ ಉಳಿದಿರುವುದು ಹೆಚ್ಚಾಗಿ ಆಟ. ಶಿಕಾರಿಪುರ, ಸೊರಬ ಸೀಮೆಯಲ್ಲಿ ಎರಡೂ ಇನ್ನೂ ಜೊತೆಯಾಗಿವೆ. ಹಿರಿಯರಿಗೆ ಎಡೆ ಇಟ್ಟ ಮನೆಯ ಹುಡುಗನೇ ನಡುರಾತ್ರಿ ಪಕ್ಕದ ತೋಟದ ಎಳನೀರಿಗೆ ಕೈ ಹಾಕುತ್ತಾನೆ. ಗೋವಿಗೆ ಆರತಿ ಎತ್ತಿದ ಅಂಗಳದಿಂದಲೇ ಹೋರಿ ಅಖಾಡಕ್ಕೆ ಹೊರಡುತ್ತದೆ. ಪಾತಾಳಕ್ಕೆ ಮರಳುವ ಬಲೀಂದ್ರನನ್ನು ‘ಬರುವ ವರ್ಷ ಮತ್ತೆ ಬಾ’ ಎಂದು ಬೀಳ್ಕೊಡುವಾಗ ಮನೆಯವರ ಬೇಡಿಕೆ ಒಂದೇ: ಆಗಲೂ ಎಲ್ಲರೂ ಇರಬೇಕು. ಅಖಾಡಕ್ಕೆ ಬೇಲಿ ಕಟ್ಟುವವರು ನೆನಪಿಡಬೇಕಾದ ಮಾತೂ ಅದೇ.