ಹತ್ತಿಯ ಬೆನ್ನಿಗೆ ಬಂದ ಅಮೆರಿಕ

ದುಂಡಸಿ ಮಲೆನಾಡಿನ ಸೆರಗಿನ ಊರು. ಪಶ್ಚಿಮಕ್ಕೆ ಮುಂಡಗೋಡದ ಕಾಡು; ಪೂರ್ವಕ್ಕೆ ಸವಣೂರು ದಾಟಿ ಗದಗ, ನವಲಗುಂದದತ್ತ ಹೋದಂತೆಲ್ಲ ಮಣ್ಣು ಕಪ್ಪಾಗುತ್ತದೆ, ಎರೆಹೊಲಗಳು ಎದುರಾಗುತ್ತವೆ. ಹಳೆಯ ಧಾರವಾಡ ಜಿಲ್ಲೆಯ ಈ ಹೊಲಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಹತ್ತಿಬೀಜ ಬಂತು. ಅದರ ಬೆಳೆ ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಪೇಟೆಯಲ್ಲಿ ಮಾರಾಟವಾಯಿತು. ಇಷ್ಟನ್ನು ನಮ್ಮ ಕಡೆಯ ಇತಿಹಾಸ ಬರೆದವರು ಹೇಳುತ್ತಾರೆ. ಆ ಬೀಜ ಹೊರಟು ಬಂದ ನೆಲದಲ್ಲಿ ಆಗ ಏನು ನಡೆಯುತ್ತಿತ್ತು ಎಂಬುದನ್ನು ಹೇಳುವವರು ಕಡಿಮೆ.

1830ರ ದಶಕವನ್ನು ಅಮೆರಿಕನ್ನರು ತಮ್ಮ ದೇಶ ಬೆಳೆದ ಕಾಲವೆಂದು ನೆನೆಯುತ್ತಾರೆ. ಬೆಳೆದದ್ದು ನಿಜ. ಆದರೆ ಯಾರ ನೆಲದ ಮೇಲೆ? 1830ರ ಮೇ ತಿಂಗಳಲ್ಲಿ ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ ಒಂದು ಕಾನೂನಿಗೆ ಸಹಿ ಹಾಕಿದ. ಅದರ ಬಲದಿಂದ ಚೋಕ್ಟಾ, ಕ್ರೀಕ್, ಚೆರೋಕಿ ಮೊದಲಾದ ಮೂಲನಿವಾಸಿ ಜನರನ್ನು ಮಿಸಿಸಿಪ್ಪಿ ನದಿಯ ಆಚೆಗೆ ಅಟ್ಟಲಾಯಿತು. 1838-39ರ ಚಳಿಗಾಲದಲ್ಲಿ ನಡೆದ ಚೆರೋಕಿಗಳು ಸುಮಾರು 16 ಸಾವಿರ. ಅವರಲ್ಲಿ ಸುಮಾರು 4 ಸಾವಿರ ಮಂದಿ ಶಿಬಿರಗಳಲ್ಲಿ, ದಾರಿಯಲ್ಲಿ ಸತ್ತರು. ಬರಿದಾದ ನೆಲಕ್ಕೆ ಹತ್ತಿ ಬಂತು. ಹತ್ತಿಯ ಜೊತೆಗೆ ಗುಲಾಮರು ಬಂದರು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಗಂಡನನ್ನು, ಹೆಂಡತಿಯನ್ನು, ಮಕ್ಕಳನ್ನು ಬೇರೆಬೇರೆಯಾಗಿ ಹರಾಜು ಹಾಕಿ ದಕ್ಷಿಣಕ್ಕೆ ಸಾಗಿಸಲಾಯಿತು. ಆ ಒಂದೇ ದಶಕದಲ್ಲಿ ಅಮೆರಿಕದ ಹತ್ತಿ ಬೆಳೆ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಆ ಗುಲಾಮರಲ್ಲಿ ಪಶ್ಚಿಮ ಆಫ್ರಿಕದಿಂದ ಹಿಡಿದು ತಂದ ಮುಸ್ಲಿಮರೂ ಇದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಫೂಟಾ ಜಲ್ಲೋನ್ ಎಂಬ ರಾಜ್ಯದ ರಾಜಕುಮಾರ ಅಬ್ದುಲ್ ರಹಮಾನ್ ಇಬ್ರಾಹೀಮ್ 1788ರಿಂದ ನಲವತ್ತು ವರ್ಷ ಮಿಸಿಸಿಪ್ಪಿಯ ನಾಚೆಜ್‌ನಲ್ಲಿ ಒಬ್ಬ ತೋಟದೊಡೆಯನ ಆಳಾಗಿದ್ದ. 1828ರಲ್ಲಿ ಬಿಡುಗಡೆ ಸಿಕ್ಕಿತು. ಮರುವರ್ಷವೇ, ಹುಟ್ಟೂರು ಮುಟ್ಟುವ ಮೊದಲೇ, ಲೈಬೀರಿಯಾದಲ್ಲಿ ತೀರಿಕೊಂಡ. ಉತ್ತರ ಕೆರೊಲಿನಾದಲ್ಲಿದ್ದ ಉಮರ್ ಇಬ್ನ್ ಸಯೀದ್ 1831ರಲ್ಲಿ ಅರಬಿ ಭಾಷೆಯಲ್ಲಿ ತನ್ನ ಜೀವನಕಥೆ ಬರೆದ. ಕುರ್‌ಆನಿನ ‘ಅಲ್ ಮುಲ್ಕ್’ ಅಧ್ಯಾಯದಿಂದ ಅದು ಆರಂಭವಾಗುತ್ತದೆ. ಒಡೆತನವೆಲ್ಲ ಅಲ್ಲಾಹನದು ಎಂದು ಸಾರುವ ಅಧ್ಯಾಯ ಅದು. ಅದನ್ನು ಬರೆದವನು ಇನ್ನೊಬ್ಬ ಮನುಷ್ಯನ ಸೊತ್ತಾಗಿದ್ದ! 1864ರಲ್ಲಿ ಸಾಯುವವರೆಗೂ ಹಾಗೆಯೇ ಇದ್ದ.

ಇಂಗ್ಲೆಂಡಿನ ಗಿರಣಿಗಳಿಗೆ ಈ ಹತ್ತಿಯೇ ಜೀವಾಳ. ಇತ್ತ 1833ರಲ್ಲಿ ಬ್ರಿಟಿಷರು ತಮ್ಮ ವಸಾಹತುಗಳ ಗುಲಾಮಗಿರಿಯನ್ನು ಕಾನೂನಿನಿಂದ ರದ್ದು ಮಾಡಿದ್ದರು. ಗುಲಾಮರ ಬೆವರಿಲ್ಲದ ಹತ್ತಿ ಬೇಕು ಎಂಬ ಕೂಗು ಅಲ್ಲಿ ಎದ್ದಿತ್ತು. ಒಂದೇ ದೇಶವನ್ನು ನಂಬಿ ಕೂರಬಾರದೆಂಬ ಲೆಕ್ಕಾಚಾರ ಆ ಕೂಗಿಗಿಂತ ಜೋರಾಗಿತ್ತು. ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ಬೇಲ್ಸ್ ಎಂಬವನನ್ನು ಅಮೆರಿಕಕ್ಕೆ ಕಳಿಸಿ, 1840ರಲ್ಲಿ ಹತ್ತು ಮಂದಿ ಹತ್ತಿ ತೋಟಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಗುಲಾಮಗಿರಿಯಿಲ್ಲದ ಹತ್ತಿ ಬೆಳೆಸಲು ಗುಲಾಮಗಿರಿಯ ನಾಡಿನ ತೋಟಗಾರರೇ ಬೇಕಾದರು!

ಅವರಲ್ಲೊಬ್ಬನಾದ ಮರ್ಸರ್ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗ ನಡೆಸಿದ. ಧಾರವಾಡದ ಕಲೆಕ್ಟರ್ ಶಾ ರೈತರಿಗೆ ನ್ಯೂ ಆರ್ಲಿಯನ್ಸ್ ಬೀಜ ಹಂಚಿಸಿದ. ಇತರ ಕಡೆ ಈ ಪ್ರಯೋಗ ನೆಲಕಚ್ಚಿತು, ತೋಟಗಾರರಲ್ಲಿ ಬಹಳ ಜನ ಕೆಲವೇ ವರ್ಷಗಳಲ್ಲಿ ತಿರುಗಿಹೋದರು. ಧಾರವಾಡದಲ್ಲಿ ಮಾತ್ರ ಬೀಜ ನೆಲೆಯೂರಿತು. ಮುಂಗಾರು, ಹಿಂಗಾರು ಎರಡೂ ಮಳೆ ಕಾಣುವ ಸೀಮೆ ಇದು. ನಮ್ಮ ರೈತ ಸಾಹೇಬರ ಬೀಜ ಇಟ್ಟುಕೊಂಡ, ಬೇಸಾಯ ತನ್ನ ರೀತಿಯಲ್ಲೇ ಮಾಡಿದ.

ತೊಡಕಾದದ್ದು ಅರಳೆ ಬಿಡಿಸುವುದರಲ್ಲಿ. ನಮ್ಮ ಜವಾರಿ ಹತ್ತಿಯನ್ನು ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲಿಟ್ಟು, ಕಬ್ಬಿಣದ ಸರಳನ್ನು ಅಂಗಾಲಿನಿಂದ ಉರುಳಿಸಿ ಕಾಳು ಬೇರ್ಪಡಿಸುತ್ತಿದ್ದರು. ಅಮೆರಿಕದ ತಳಿಯಲ್ಲಿ ಅರಳೆ ಕಾಳಿಗೆ ಗಟ್ಟಿಯಾಗಿ ಅಂಟಿರುತ್ತದೆ, ಕಾಲಿನ ಸರಳಿಗೆ ಬಗ್ಗದು. ಅದಕ್ಕೆ ಗರಗಸದ ಹಲ್ಲಿನ ಜಿನ್ ಬೇಕು. ಎಲೈ ವಿಟ್ನಿ 1793ರಲ್ಲಿ ರೂಪಿಸಿದ, ಅಮೆರಿಕದಲ್ಲಿ ಗುಲಾಮಗಿರಿಗೆ ಹೊಸ ಜೀವ ಕೊಟ್ಟ ಯಂತ್ರದ ವಂಶವೇ ಇದು. 1850ರ ದಶಕದಲ್ಲಿ ಧಾರವಾಡದಲ್ಲಿ ಸರಕಾರವೇ ಇಂಥ ಜಿನ್ನುಗಳ ಕಾರ್ಖಾನೆ ನಡೆಸಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಲಂಕಾಶೈರಿನ ಗಿರಣಿಗಳು ನಿಂತವು. ಮುಂಬಯಿಯಲ್ಲಿ ಹತ್ತಿಯ ದರ ಮೂರು ಪಟ್ಟಿಗೂ ಮಿಕ್ಕಿ ಏರಿತು. ಹತ್ತಿ ಅಂಡಿಗೆ ಹೊತ್ತ ಗಾಡಿಗಳು ಘಟ್ಟ ಇಳಿದು ಕುಮಟಾ ಸೇರಿದವು. ಕಾರವಾರ ಬಂದರಿನ ಆಸೆಗಾಗಿಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ನಕಾಶೆಯನ್ನೇ ಬದಲಿಸಿತು ಹತ್ತಿ. ಕಾಳು, ಕಸ, ಕಳಪೆ ಹತ್ತಿ ಬೆರೆಸುವ ದಂಧೆಯೂ ಹಬ್ಬಿತು, 1863ರಲ್ಲಿ ಅದರ ವಿರುದ್ಧ ಕಾಯದೆ ಬಂತು. ರೈತನ ಕೈಯಲ್ಲಿ ರೊಕ್ಕ ಓಡಾಡಿತು. ಅದೇ ಹತ್ತಿಯನ್ನು ಕೊಂಡು ಬದುಕಬೇಕಾದ ಪಿಂಜಾರ, ನೂಲುವ ಮುದುಕಿ, ನೇಕಾರ ಇವರ ಪಾಡು ಬೇರೆ. ಹತ್ತಿಯ ಸುಗ್ಗಿ ಎಂದು ಆ ವರ್ಷಗಳನ್ನು ಹೊಗಳುವವರ ಲೆಕ್ಕದಲ್ಲಿ ಇವರು ಬರುವುದೇ ಇಲ್ಲ.

1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು. ಏರಿದ ದರವನ್ನು ನಂಬಿ ಸಾವುಕಾರ ಕೊಟ್ಟ ಸಾಲ ಮಾತ್ರ ಇಳಿಯಲಿಲ್ಲ. 1870ರ ದಶಕದಲ್ಲಿ ಕಂದಾಯದ ಮರುಪರಿಷ್ಕರಣೆ ಬಂದಾಗ ಸರಕಾರ ರೈತ ಶ್ರೀಮಂತನಾಗಿದ್ದಾನೆ ಎಂದೇ ತಿಳಿದು ತೆರಿಗೆ ಏರಿಸಿತು. ಅದರ ಬೆನ್ನಿಗೇ 1876ರ ಬರ. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು 1 ಲಕ್ಷ ಇಳಿದಿತ್ತು.

ಅತ್ತ 1865ರ ಡಿಸೆಂಬರಿನಲ್ಲಿ ಸಂವಿಧಾನದ ತಿದ್ದುಪಡಿಯಿಂದ ಅಮೆರಿಕದ ಗುಲಾಮಗಿರಿ ರದ್ದಾಯಿತು. ಯುದ್ಧ ಶುರುವಾದಾಗ ಗುಲಾಮರು ಸುಮಾರು 40 ಲಕ್ಷ. ಬಿಡುಗಡೆ ಸಿಕ್ಕಿತೇ ಹೊರತು ಭೂಮಿ ಸಿಗಲಿಲ್ಲ. ಹಳೆಯ ಒಡೆಯರ ಹೊಲವನ್ನೇ ಪಾಲಿಗೆ ಹಿಡಿದು, ಬೀಜವನ್ನೂ ಮೆಕ್ಕೆಜೋಳದ ಹಿಟ್ಟನ್ನೂ ಊರ ಅಂಗಡಿಯಲ್ಲಿ ಉದ್ದರಿ ತಂದು ಅವರು ಹತ್ತಿಯನ್ನೇ ಬೆಳೆದರು. ಬೆಳೆ ಬಂದಾಗ ಲೆಕ್ಕದ ಪುಸ್ತಕ ತೆರೆಯುವವನು ಅಂಗಡಿಕಾರ. ವರ್ಷದ ಕೊನೆಗೆ ಬಾಕಿ ಉಳಿದೇ ಇರುತ್ತಿತ್ತು.