ನಾಜಿಗಳು ಅಳಿಸಿದ ಸಂತನ ಮುಖ: ಜರ್ಮನಿಯ ಕೋಬರ್ಗ್ ನಗರ ಲಾಂಛನದ ಹಿನ್ನೆಲೆ ಏನು?

ಜರ್ಮನಿಯ ಬವೇರಿಯಾ ರಾಜ್ಯದ ಕೋಬರ್ಗ್ ನಗರದ ಲಾಂಛನದಲ್ಲಿರುವುದು ಸಿಂಹವೂ ಅಲ್ಲ, ಹದ್ದೂ ಅಲ್ಲ. ಬಂಗಾರದ ಬಣ್ಣದ ಹಿನ್ನೆಲೆಯಲ್ಲಿ, ಕಿವಿಗೆ ಓಲೆ ತೊಟ್ಟ ಕಪ್ಪುವರ್ಣೀಯನೊಬ್ಬನ ಮುಖ. ಅದು ನಗರದ ರಕ್ಷಕ ಸಂತ ಮಾರಿಸ್‌ನ ಸಂಕೇತ.

ಯಾರು ಈ ಮಾರಿಸ್?
ಕ್ರೈಸ್ತ ಸಂಪ್ರದಾಯದ ಪ್ರಕಾರ ಮಾರಿಸ್, 3ನೇ ಶತಮಾನದಲ್ಲಿ ಈಜಿಪ್ಟ್‌ನಿಂದ ಬಂದ ರೋಮನ್ ಸೇನಾ ತುಕಡಿಯ ನಾಯಕ. ಸಹ ಕ್ರೈಸ್ತರ ಮೇಲೆ ಕತ್ತಿ ಎತ್ತಲು ಒಪ್ಪದೆ ಪ್ರಾಣ ತೆತ್ತ ಎಂಬ ನಂಬಿಕೆಯಿದೆ. 13ನೇ ಶತಮಾನದಿಂದ ಜರ್ಮನಿಯಲ್ಲಿ ಆತನನ್ನು ಕಪ್ಪುವರ್ಣದ ಯೋಧನಾಗಿ ಚಿತ್ರಿಸುವ ರೂಢಿ ಬೆಳೆಯಿತು.

ಸಂತನ ಜಾಗಕ್ಕೆ ಕತ್ತಿ
1929ರಲ್ಲಿ ಕೋಬರ್ಗ್ ನಗರಸಭೆಯಲ್ಲಿ ನಾಜಿ ಪಕ್ಷ ಬಹುಮತ ಪಡೆಯಿತು. ಜರ್ಮನಿಯಲ್ಲೇ ಇದು ಮೊದಲು. 1934ರಲ್ಲಿ ಕಪ್ಪು ಮುಖವನ್ನು ತೆಗೆದು, ಹಿಡಿಯಲ್ಲಿ ಸ್ವಸ್ತಿಕವಿದ್ದ ಕತ್ತಿಯನ್ನು ಲಾಂಛನಕ್ಕೆ ತರಲಾಯಿತು. 1945ರಲ್ಲಿ ನಾಜಿ ಆಡಳಿತ ಪತನಗೊಂಡ ಬಳಿಕ ಮಾರಿಸ್ ಮರಳಿದ.

ಹೊಸ ವಿವಾದ
2020ರಲ್ಲಿ ವರ್ಣಭೇದ ವಿರೋಧಿ ಹೋರಾಟದ ವೇಳೆ ಲಾಂಛನ ಮತ್ತೆ ಚರ್ಚೆಗೆ ಬಂತು. ದಪ್ಪ ತುಟಿ, ಓಲೆಯ ಈ ಚಿತ್ರಣ ಆಫ್ರಿಕನ್ನರನ್ನು ಅಣಕಿಸುವಂತಿದೆ ಎಂಬುದು ಒಂದು ವಾದ. ಕಪ್ಪುವರ್ಣದ ಸಂತನಿಗೆ ಸಲ್ಲಿಸಿದ ಗೌರವ, ನಾಜಿಗಳು ಅಳಿಸಿದ್ದನ್ನು ನಾವೂ ಅಳಿಸಬೇಕೇ ಎಂಬುದು ಇನ್ನೊಂದು. ಲಾಂಛನ ಮಾತ್ರ ಹಾಗೆಯೇ ಉಳಿದಿದೆ.