ಮೈ ನೋಡಬ್ಯಾಡ, ಮರಿ ನೋಡು

ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಸೇರಿದಾಗ ನವನಗರಕ್ಕೆ ತಂದ ಸಾಮಾನಿನಲ್ಲಿ ತಾಯಿಯ ತಂದೆಯ ಕರಿ ಕಂಬಳಿಯೂ ಇತ್ತು. ಇಂದಿಗೂ ಅದನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹರವುತ್ತೇನೆ. ಹುಣಸೆಬೀಜದ ಸರಿ ಕುಡಿದ ಹಾಸುನೂಲು ಇನ್ನೂ ಬಿರುಸಾಗಿದೆ. ದೂರಕ್ಕೆ ಅಚ್ಚ ಕಪ್ಪು. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ತುಕ್ಕಿನ ಕೆಂಪು ಕಾಣುತ್ತದೆ. ಅಂಚಿನಲ್ಲಿ ಮಾತ್ರ ಬಿಳಿ ಗೆರೆ. ಈ ಬಣ್ಣವನ್ನು ಯಾರೂ ಹಾಕಿದ್ದಲ್ಲ. ಕುರಿಯ ಬಸಿರಿನಿಂದಲೇ ಬಂದದ್ದು.

ನಮ್ಮ ಜಿಲ್ಲೆಗೆ ಬಣ್ಣದ ಕಸುಬು ಹೊಸದಲ್ಲ. ಇಳಕಲ್ಲಿನ ಸೀರೆಗೆ ದಾಳಿಂಬರಿ ಕೆಂಪು, ಗಿರಿಕುಂಕುಮ. ಗುಳೇದಗುಡ್ಡದ ಖಣಕ್ಕೆ ಹತ್ತಾರು ಛಾಯೆ. ಅವೆಲ್ಲ ಬಣ್ಣಗಾರನ ಹಂಡೆಯಲ್ಲಿ ತಯಾರಾಗುವಂಥವು. ಕಂಬಳಿಯ ಕಪ್ಪು ತಯಾರಾಗುತ್ತಿದ್ದುದು ಕುರಿದಡ್ಡಿಯಲ್ಲಿ, ತಲೆಮಾರುಗಟ್ಟಲೆ ಕಾದು. ಮದುವೆಯಲ್ಲಿ ಉಣ್ಣೆಯ ಕಂಕಣ ಕಟ್ಟಿಕೊಳ್ಳುವ ಉಣ್ಣೆಕಂಕಣದ ಕುರುಬರ ಮನೆಗಳಲ್ಲಿ ಹೆಂಗಸರು ನೂತರು, ಗಂಡಸರು ಕುಣಿಮಗ್ಗದಲ್ಲಿ ನೆಯ್ದರು. ದಖನಿ ಕುರಿಯ ಒರಟು ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಿದ್ದರು. ಮರಿಯ ಮೊದಲ ಉಣ್ಣೆಯೇ ಎಲ್ಲಕ್ಕಿಂತ ಕಪ್ಪು, ಎಲ್ಲಕ್ಕಿಂತ ಮೆದು. ಹಿಂಡಿನಲ್ಲಿ ಕಪ್ಪು ಕೆಟ್ಟರೆ ಕಂಬಳಿಯೂ ಕೆಟ್ಟಂತೆ.

ಆದ್ದರಿಂದ ಟಗರು ಕೊಳ್ಳುವುದು ಸಣ್ಣ ವ್ಯವಹಾರವಾಗಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜ ನನ್ನನ್ನು ಅಮೀನಗಡದ ಕುರಿಸಂತೆಗೆ ಕರೆದೊಯ್ಯುತ್ತಿದ್ದ. ಮಿರಿಮಿರಿ ಮಿಂಚುವ ಟಗರು ಕಂಡು ನಾನು ಕೈ ತೋರಿದರೆ ಅವನು ಅವಸರಪಡುತ್ತಿರಲಿಲ್ಲ. ಎರಡೂ ಹೆಬ್ಬೆರಳಿನಿಂದ ಬೆನ್ನಿನ ಉಣ್ಣೆ ಸೀಳಿ ಬುಡ ನೋಡುತ್ತಿದ್ದ. ತುದಿ ಕೆಂಪಗಿದ್ದರೆ ಬಿಸಿಲಿನ ದೋಷ, ಬುಡವೇ ಕೆಂಪಗಿದ್ದರೆ ಹುಟ್ಟಿನದು. ಆಮೇಲೆ ಮಾರುವವನನ್ನು ಕೇಳುತ್ತಿದ್ದ: “ಇದರ ತಾಯಿ ಯಾವ ಬಣ್ಣ? ಇದಕ್ಕ ಹುಟ್ಟಿದ ಮರಿ ಎಂಥವು?” ನನ್ನ ಕಡೆ ತಿರುಗಿ ಹೇಳುತ್ತಿದ್ದ: “ತಮ್ಮಾ, ಟಗರಿನ ಮೈ ನೋಡಬ್ಯಾಡ, ಅದರ ಮರಿ ನೋಡು.”

ಕೊಂಡ ಮೇಲೂ ಪರೀಕ್ಷೆ ಮುಗಿಯುತ್ತಿರಲಿಲ್ಲ. ದಡ್ಡಿಯಲ್ಲಿ ಅಜ್ಜ ಬೇಕೆಂದೇ ನಾಲ್ಕೈದು ಬಿಳಿ ಕುರಿ ಉಳಿಸಿಕೊಂಡಿದ್ದ. ಹೊಸ ಟಗರನ್ನು ಮೊದಲು ಅವುಗಳ ಜೊತೆ ಬಿಟ್ಟು ಐದು ತಿಂಗಳು ಕಾಯುತ್ತಿದ್ದ. ಈದ ಮರಿಗಳೆಲ್ಲ ಕಪ್ಪಾದರೆ ಟಗರು ದಡ್ಡಿಗೆ ಸೇರಿತು. ಒಂದು ಬಿಳಿ ಮರಿ ಬಿದ್ದರೂ ಮರುವಾರವೇ ಸಂತೆಗೆ ಹೊರಟಿತು.

ಕುರಿಯ ಬಣ್ಣವನ್ನು ಮುಂಚೆಯೇ ತಿಳಿಯುವ ಆಸೆ ಬಹಳ ಹಳೆಯದು. ಟಗರಿನ ನಾಲಗೆಯ ಕೆಳಗಿನ ನರ ಕಪ್ಪಗಿದ್ದರೆ ಮರಿ ಕಪ್ಪು, ಬೆಳ್ಳಗಿದ್ದರೆ ಬಿಳಿ ಎಂದು ಗ್ರೀಸಿನ ಅರಿಸ್ಟಾಟಲ್ ಬರೆದ. ಟಗರು ಎಷ್ಟೇ ಬೆಳ್ಳಗಿರಲಿ, ನಾಲಗೆ ಕಪ್ಪಗಿದ್ದರೆ ಬೇಡ ಎಂದು ರೋಮಿನ ಕವಿ ವರ್ಜಿಲ್ ರೈತರಿಗೆ ಎಚ್ಚರಿಕೆ ಕೊಟ್ಟ. ಬಿಳಿ ಉಣ್ಣೆ ಯಾವ ಬಣ್ಣವನ್ನಾದರೂ ಹೀರುತ್ತದೆ, ಹಾಗಾಗಿ ಅವರಿಗೆ ಬಿಳಿ ಬೇಕಿತ್ತು. ಬಣ್ಣದ ಹಂಡೆಯೇ ಬೇಡವೆಂದ ನಮ್ಮವರಿಗೆ ಕಪ್ಪು ಬೇಕಿತ್ತು. ಆದರೆ ನಾಲಗೆ ಸತ್ಯ ಹೇಳುವುದಿಲ್ಲ, ಮರಿ ಹೇಳುತ್ತದೆ.

ಅಜ್ಜನ ಲೆಕ್ಕಕ್ಕೆ ವಿಜ್ಞಾನದ ಭಾಷೆ ಸಿಕ್ಕಿದ್ದು ಮೊಲಗಳಿಂದ ಎಂಬುದು ನನಗೆ ದೊಡ್ಡವನಾದ ಮೇಲೆ ತಿಳಿಯಿತು. ಮೆಂಡೆಲನ ಬಟಾಣಿ ನಿಯಮ 1900ರಲ್ಲಿ ಮತ್ತೆ ಬೆಳಕಿಗೆ ಬಂದಾಗ ಪ್ರಾಣಿಗಳ ಮೇಲೂ ಅದನ್ನು ಒರೆಹಚ್ಚಬೇಕಿತ್ತು. ಮೊಲ ಸುಮಾರು 31 ದಿನಕ್ಕೆ ಈಯುತ್ತದೆ, ಕುರಿಯ ಹಾಗೆ ಐದು ತಿಂಗಳು ಕಾಯಬೇಕಿಲ್ಲ. ಇಂಗ್ಲೆಂಡಿನ ಹರ್ಸ್ಟ್ ಮತ್ತು ಅಮೆರಿಕದ ಕ್ಯಾಸಲ್ 1905ರಲ್ಲಿ ಮೊಲದ ತುಪ್ಪಳದ ಲೆಕ್ಕ ಪ್ರಕಟಿಸಿದರು. ಹರ್ಸ್ಟ್ ಬಿಳಿ ಅಂಗೋರಾವನ್ನು ಬೆಲ್ಜಿಯನ್ ಹೇರ್ ಎಂಬ ತಳಿಯೊಡನೆ ಕೂಡಿಸಿದ. ಮೊದಲ ತಲೆಮಾರಿನವೆಲ್ಲ ಕಾಡುಮೊಲದ ಬಣ್ಣದವು. ಅವುಗಳ ಮಕ್ಕಳಲ್ಲಿ ಕಪ್ಪು ಮೊಲಗಳೂ ಇದ್ದವು! ಬಿಳಿ ಮೈಯೊಳಗೆ ಕಪ್ಪು ಅಡಗಿ ಕೂತಿತ್ತು. ಮೈ ನೋಡಬ್ಯಾಡ ಎಂದ ಅಜ್ಜನ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಕುರಿಯಲ್ಲಿ ಕಪ್ಪಿಗೆ ಒಂದೇ ದಾರಿಯಿಲ್ಲ. ಎಂಸಿ1ಆರ್ ಎಂಬ ಜೀನಿನ ಬದಲಾವಣೆಯಿಂದ ಬರುವ ಕಪ್ಪು ಪ್ರಬಲ: ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು. ನಾರ್ವೆಯ ಕುರಿಗಳಲ್ಲಿ ಇದನ್ನು 1999ರಲ್ಲಿ ಗುರುತಿಸಿದರು. ಅಗೌಟಿ ಎಂಬ ಇನ್ನೊಂದು ಜೀನಿನಿಂದ ಬರುವ ಕಪ್ಪು ಇಬ್ಬರಿಂದಲೂ ಬಂದರಷ್ಟೇ ಮೈಮೇಲೆ ಕಾಣುತ್ತದೆ. ಬಿಳಿ ಹಿಂಡಿನಲ್ಲಿ ತಟ್ಟನೆ ಕರಿ ಮರಿ ಹುಟ್ಟುವುದು ಹೀಗೆ. ಮೊಲದಲ್ಲಿಯೂ ಅವೇ ಜೀನುಗಳು. ಎಂಸಿ1ಆರ್‌ನಲ್ಲಿ ಡಿಎನ್‌ಎಯ 6 ಅಕ್ಷರ ಬಿಟ್ಟುಹೋದರೆ ಕಪ್ಪು, 30 ಅಕ್ಷರ ಬಿಟ್ಟುಹೋದರೆ ಕೆಂಪು ಎಂದು ಇಟಲಿಯ ಸಂಶೋಧಕರು 2006ರಲ್ಲಿ ತೋರಿಸಿದರು. ಈಗ ಬುಡಸಮೇತ ಕಿತ್ತ ನಾಲ್ಕು ಕೂದಲಿನಿಂದಲೇ ಇದನ್ನೆಲ್ಲ ಓದಬಹುದು. ಬಿಳಿ ಕುರಿ ಕಟ್ಟಿಕೊಂಡು ತಿಂಗಳುಗಟ್ಟಲೆ ಕಾಯುವ ಅಗತ್ಯವಿಲ್ಲ.

ಈ ಪರೀಕ್ಷೆ ನಮ್ಮ ದಡ್ಡಿಗಳಿಗೂ ಬರಲಿ ಎಂದು ಮನಸಾರೆ ಬಯಸುವವನು ನಾನು. ಆದರೆ ಅದು ಬರುವ ಹೊತ್ತಿಗೆ ಕರಿ ಹಿಂಡುಗಳು ಉಳಿದಿರಬೇಕಲ್ಲ? ಉಣ್ಣೆ ಕೇಳುವವರು ಕಡಿಮೆಯಾಗಿ ಮಾಂಸಕ್ಕೆ ಬೆಲೆ ಬಂದ ಮೇಲೆ ಯಳಗ, ಕೆಂಗುರಿ ಹಿಂಡುಗಳೇ ಕಣ್ಣಿಗೆ ಬೀಳುತ್ತವೆ. ಅವೂ ನಮ್ಮ ನೆಲದ ಒಳ್ಳೆಯ ತಳಿಗಳೇ, ಕುರಿಗಾರನ ಹೊಟ್ಟೆಪಾಡು ನಾನು ಬಲ್ಲೆ. ನನ್ನ ಸಂಕಟ ಬೇರೆ. ಯಾವ ಟಗರು ಯಾವ ಮರಿ ಕೊಟ್ಟಿತು, ಅದರ ಅಜ್ಜಿ ಯಾವ ಬಣ್ಣ ಎಂಬ ಏಳೆಂಟು ತಲೆಮಾರಿನ ಲೆಕ್ಕ ಕುರುಬರ ನೆನಪಿನಲ್ಲಿದೆ. ಕೂದಲಿನ ಪರೀಕ್ಷೆ ಇಂದು ನಿಂತಿರುವ ಕುರಿಯನ್ನಷ್ಟೇ ಓದುತ್ತದೆ. ಹಿಂಡು ನಡೆದುಬಂದ ದಾರಿಯನ್ನು ಆ ಹಿರಿಯರೇ ಹೇಳಬೇಕು.

ಕಳೆದ ಸಲ ಅಮೀನಗಡದ ಸಂತೆಯಲ್ಲಿ ಒಂದು ಕರಿ ಟಗರು ಕಂಡಿತು. ಹಗ್ಗ ಹಿಡಿದ ಹುಡುಗನನ್ನು ಕೇಳಿದೆ. ಅವನು ತೂಕ ಹೇಳಿದ, ಬೆಲೆ ಹೇಳಿದ. “ಇದರ ಮರಿ ಎಂಥವು?” ಎಂದಾಗ ತುಸು ಹೊತ್ತು ಸುಮ್ಮನಾದ. ಆಮೇಲೆ, “ನಮ್ಮ ಆಯಿಗೆ ಎಲ್ಲಾ ಗೊತ್ತೈತ್ರೀ, ದಡ್ಡಿಗೆ ಬರ್ರಿ” ಎಂದ. ಉಣ್ಣೆ ಸೀಳಿ ನೋಡಿದೆ. ತುದಿ ಕೆಂಪಗೆ, ಬುಡ ಕಾಡಿಗೆಯ ಹಾಗೆ. ಈ ವಾರ ನೋಟ್‌ಬುಕ್ ಹಿಡಿದು ಅವರ ದಡ್ಡಿಗೆ ಹೊರಟಿದ್ದೇನೆ.